ಗರ್ಭಿಣಿಯರು ಮತ್ತು ವ್ಯಾಯಾಮ: ತಿಳಿವಳಿಕೆ, ಮನೋಭಾವ ಹಾಗೂ ಗ್ರಾಮ ಪಂಚಾಯತಿಯ ಹೊಣೆ

(ಅಮರಗೋಳದಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಉಪಯೋಗಕ್ಕಾಗಿ ಪ್ರಕಟಿಸಲಾಗಿದೆ.)



ಗರ್ಭಿಣಿಯು ಎಷ್ಟು ನಡೆಯಬೇಕು, ಎಷ್ಟು ವಿಶ್ರಮಿಸಬೇಕು ಎಂಬುದನ್ನು ಮನೆಯ ಒಳಗಿನ ಪ್ರಶ್ನೆ ಎಂದು ಎಣಿಸುವುದು ವಾಡಿಕೆ. ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿ ದೀಪ, ತೆರಿಗೆ ಇವು ಪಂಚಾಯತಿಯ ವಿಷಯಗಳು. ಬಸಿರು, ಬಾಣಂತನ ಹೆಂಗಸರ ವಿಷಯಗಳು ಎಂಬ ವಿಂಗಡಣೆ ಬಹುಕಾಲದಿಂದ ನಡೆದುಬಂದಿದೆ. ಈ ವಿಂಗಡಣೆ ಸರಿಯಲ್ಲ ಎಂಬುದನ್ನು ತೋರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ. ಗರ್ಭಿಣಿಯು ಸಂಜೆ ಅರ್ಧ ಗಂಟೆ ನಡೆಯಬೇಕೆಂದು ವೈದ್ಯರು ಹೇಳುತ್ತಾರೆ. ನಡೆಯಲು ಸಮತಟ್ಟಾದ ರಸ್ತೆ ಬೇಕು, ಕತ್ತಲಾದರೆ ದೀಪ ಬೇಕು, ನಾಯಿಗಳ ಭಯ ಇರಬಾರದು. ಈ ಮೂರನ್ನೂ ಒದಗಿಸಬೇಕಾದುದು ಪಂಚಾಯತಿ. ವೈದ್ಯರ ಸಲಹೆ ಎಲ್ಲಿ ಮುಗಿಯುವುದೋ ಅಲ್ಲಿಂದ ಸದಸ್ಯರ ಕೆಲಸ ಆರಂಭವಾಗುತ್ತದೆ.

ಈ ವಿಷಯವನ್ನು ಚರ್ಚಿಸಲು ಅಮರಗೋಳ ತಕ್ಕ ಸ್ಥಳವೇ ಆಗಿದೆ. ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಇರುವ ಈ ಊರು ಇಂದು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದ್ದರೂ ಹಳ್ಳಿಯ ಗುಣವನ್ನು ಪೂರ್ತಿಯಾಗಿ ಕಳೆದುಕೊಂಡಿಲ್ಲ. ಒಂದು ಕಡೆ ಪ್ರಾಚೀನ ಬನಶಂಕರಿ ದೇವಾಲಯ, ಇನ್ನೊಂದು ಕಡೆ ಕೃಷಿ ಉತ್ಪನ್ನ ಮಾರುಕಟ್ಟೆಯ ವಿಶಾಲ ಪ್ರಾಂಗಣ, ಸನಿಹದಲ್ಲೇ ನವನಗರದ ಬಡಾವಣೆಗಳು. ಇಂತಹ ಊರಿನಲ್ಲಿ ಎರಡು ಬಗೆಯ ಗರ್ಭಿಣಿಯರು ಅಕ್ಕಪಕ್ಕದಲ್ಲೇ ಇರುತ್ತಾರೆ. ಒಬ್ಬಳು ಹೊಲದಲ್ಲಿಯೋ, ದವಸ ಹಸನು ಮಾಡುವ ಕೂಲಿಯಲ್ಲಿಯೋ ದಿನವಿಡೀ ಬಾಗಿ ದುಡಿಯುವವಳು. ಮತ್ತೊಬ್ಬಳು ಮನೆಯಲ್ಲಿ ಅಥವಾ ಕಚೇರಿಯಲ್ಲಿ ದಿನದ ಬಹುಪಾಲು ಕುಳಿತೇ ಇರುವವಳು. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬಳಿಗಾದರೂ ಹಾನಿಯಾಗುತ್ತದೆ. ಜಿಲ್ಲೆಯ ಗ್ರಾಮಗಳಲ್ಲಿಯೂ ಪರಿಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿಲ್ಲ.

1. ಮನೆಗಳಲ್ಲಿ ನೆಲೆಸಿರುವ ಅಭಿಪ್ರಾಯಗಳು

ಗರ್ಭಾವಸ್ಥೆಯಲ್ಲಿ ವ್ಯಾಯಾಮದ ಬಗ್ಗೆ ಕುಟುಂಬಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಅಭಿಪ್ರಾಯಗಳನ್ನು ನಾಲ್ಕು ಗುಂಪುಗಳಲ್ಲಿ ಇಡಬಹುದು.

ಮೊದಲನೆಯದು, "ಅಲುಗಾಡಿದರೆ ಗರ್ಭ ಇಳಿಯುತ್ತದೆ" ಎಂಬ ಭಯ. ಈ ಭಯದಿಂದ ಮೊದಲ ಮೂರು ತಿಂಗಳು ಸೊಸೆಯನ್ನು ಮೆಟ್ಟಿಲು ಹತ್ತಲೂ ಬಿಡದ ಮನೆಗಳಿವೆ. ಪ್ರೀತಿಯಿಂದ ಹುಟ್ಟಿದ ಭಯವಾದರೂ ಇದರ ಇನ್ನೊಂದು ಮುಖ ಕ್ರೂರವಾಗಿದೆ. ಗರ್ಭಪಾತವಾದಾಗ "ಆ ದಿನ ಕೊಡ ಎತ್ತಿದಳು", "ಬಸ್ಸಿನಲ್ಲಿ ತವರಿಗೆ ಹೋದಳು" ಎಂದು ತಪ್ಪನ್ನು ಆ ಹೆಣ್ಣುಮಗಳ ಮೇಲೆಯೇ ಹೊರಿಸಲಾಗುತ್ತದೆ. ಮೊದಲ ತಿಂಗಳುಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಅರ್ಧದಷ್ಟಕ್ಕಾದರೂ ಭ್ರೂಣದ ವರ್ಣತಂತುಗಳಲ್ಲಿನ ದೋಷವೇ ಕಾರಣವೆಂದು ವೈದ್ಯಶಾಸ್ತ್ರ ತಿಳಿಸುತ್ತದೆ. ಅದನ್ನು ತಾಯಿಯ ನಡಿಗೆ ತಂದುದಲ್ಲ, ತಾಯಿಯ ವಿಶ್ರಾಂತಿ ತಡೆಯಲಾರದು. ಈ ಒಂದು ಸಂಗತಿ ಮನೆಮನೆಗೆ ತಲುಪಿದರೆ ಅನೇಕ ಹೆಣ್ಣುಮಕ್ಕಳ ಮೇಲಿನ ಹೊರೆ ಇಳಿಯುತ್ತದೆ.

ಎರಡನೆಯದು, "ಮನೆಗೆಲಸವೇ ವ್ಯಾಯಾಮ" ಎಂಬ ಮಾತು. ಬೀಸುಕಲ್ಲು, ಒರಳು, ಬಾವಿಯ ಹಗ್ಗ ಇದ್ದ ಕಾಲದಲ್ಲಿ ಈ ಮಾತಿಗೆ ಸ್ವಲ್ಪ ಅರ್ಥವಿತ್ತು. ಹಿಟ್ಟಿನ ಗಿರಣಿ, ಮಿಕ್ಸರ್, ಗ್ಯಾಸ್ ಒಲೆ ಮತ್ತು ನಳ ಬಂದ ಮೇಲೆ ಅನೇಕ ಮನೆಗಳಲ್ಲಿ ಕೆಲಸದ ಸ್ವರೂಪವೇ ಬದಲಾಗಿದೆ. ಇಂದಿನ ಮನೆಗೆಲಸದಲ್ಲಿ ನಿಂತಲ್ಲೇ ನಿಲ್ಲುವುದು ಹೆಚ್ಚು, ಸತತವಾದ ಚಲನೆ ಕಡಿಮೆ. ಕಾಲು ಸೋಲುತ್ತದೆ, ಸೊಂಟ ನೋಯುತ್ತದೆ. ಆದರೆ ಹೃದಯಕ್ಕೆ ಮತ್ತು ಶ್ವಾಸಕೋಶಕ್ಕೆ ಸಿಗಬೇಕಾದ ವ್ಯಾಯಾಮ ಸಿಗುವುದಿಲ್ಲ.

ಮೂರನೆಯದು, "ಎಷ್ಟು ದುಡಿದರೆ ಅಷ್ಟು ಸುಲಭ ಹೆರಿಗೆ" ಎಂಬ ನಂಬಿಕೆ. ಇದು ಮೊದಲನೆಯದಕ್ಕೆ ನೇರ ವಿರುದ್ಧ. ವಿಚಿತ್ರವೆಂದರೆ ಒಂದೇ ಮನೆಯಲ್ಲಿ ಎರಡೂ ಇರಬಲ್ಲವು. ಮೂರನೆಯ ತಿಂಗಳಲ್ಲಿ ಅಲುಗಾಡಬೇಡ ಎಂದವರೇ ಎಂಟನೆಯ ತಿಂಗಳಲ್ಲಿ ಸುಗ್ಗಿ ಬಂದಾಗ ಹೊಲಕ್ಕೆ ಬಾ ಎನ್ನುತ್ತಾರೆ.

ನಾಲ್ಕನೆಯದು, "ವ್ಯಾಯಾಮ ಪೇಟೆಯವರಿಗೆ" ಎಂಬ ಸಂಕೋಚ. ಹೊಟ್ಟೆ ಕಾಣುವಂತೆ ಬೀದಿಯಲ್ಲಿ ನಡೆಯುವುದು ನಾಚಿಕೆಯ ಸಂಗತಿ, ದೃಷ್ಟಿ ತಾಗುತ್ತದೆ, ನಾಲ್ಕು ಜನ ನೋಡುತ್ತಾರೆ ಎಂಬ ಭಾವನೆ. ತಿಳಿವಳಿಕೆ ಇದ್ದ ಮಹಿಳೆಯೂ ಈ ಸಂಕೋಚಕ್ಕೆ ಸೋಲುತ್ತಾಳೆ. ಆದುದರಿಂದ ತಿಳಿವಳಿಕೆ ನೀಡುವುದು ಅರ್ಧ ಕೆಲಸ ಮಾತ್ರ. ಊರಿನ ಮನೋಭಾವ ಬದಲಾಗದೆ ಉಳಿದರ್ಧ ಆಗಲಾರದು.

2. ದುಡಿಮೆ ಬೇರೆ, ವ್ಯಾಯಾಮ ಬೇರೆ

ಸದಸ್ಯರು ಇಂದು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ಮುಖ್ಯ ವಿಷಯ ಇದು. ವ್ಯಾಯಾಮವೆಂದರೆ ಮಹಿಳೆಯು ತನ್ನ ಶಕ್ತಿಗೆ ತಕ್ಕಂತೆ ಆರಂಭಿಸಿ, ದಣಿವಾದಾಗ ನಿಲ್ಲಿಸಬಹುದಾದ ಚಲನೆ. ಕೂಲಿಯ ದುಡಿಮೆಯನ್ನು ಆಕೆ ತನ್ನ ಇಚ್ಛೆಯಂತೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಕೂಲಿ ಹೋಗುತ್ತದೆ. ದೇಹಕ್ಕೆ ಈ ಎರಡರ ಪರಿಣಾಮ ಒಂದೇ ಅಲ್ಲ.

ಮಹಾರಾಷ್ಟ್ರದ ಪುಣೆಯ ಬಳಿಯ ಹಳ್ಳಿಗಳಲ್ಲಿ ಗರ್ಭಿಣಿಯರ ಆಹಾರ ಮತ್ತು ದುಡಿಮೆಯನ್ನು ಕುರಿತು ದೀರ್ಘ ಅಧ್ಯಯನವೊಂದು ನಡೆದಿದೆ. ಅದರ ಒಂದು ಭಾಗ 2003ರಲ್ಲಿ ಪ್ರಕಟವಾಯಿತು. ಹೊಲದ ಕೆಲಸ, ನೀರು ಹೊರುವುದು ಮುಂತಾದ ಭಾರಿ ದುಡಿಮೆ ಹೆಚ್ಚಾಗಿದ್ದ ತಾಯಂದಿರ ಶಿಶುಗಳ ಗಾತ್ರ ಕಡಿಮೆಯಾಗಿದ್ದುದು ಅದರಲ್ಲಿ ಕಂಡುಬಂದಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ತಿನ್ನುವ ಅನ್ನ ಮಿತವಾಗಿದ್ದು, ದುಡಿಮೆ ಮಿತಿಮೀರಿದಾಗ ಶಿಶುವಿನ ಬೆಳವಣಿಗೆಗೆ ಉಳಿಯುವ ಶಕ್ತಿ ಕಡಿಮೆಯಾಗುತ್ತದೆ. ಉತ್ತರ ಕರ್ನಾಟಕದ ಎರೆ ಭೂಮಿಯ ಹಳ್ಳಿಗಳಲ್ಲಿ ಕಳೆ ತೆಗೆಯುವ, ಹತ್ತಿ ಬಿಡಿಸುವ, ಸುಗ್ಗಿಯ ಕಾಲದಲ್ಲಿ ದಿನವಿಡೀ ಬಾಗಿ ಕೆಲಸ ಮಾಡುವ ಗರ್ಭಿಣಿಯರಿಗೂ ಈ ಮಾತು ಅನ್ವಯಿಸುತ್ತದೆ.

ಒಂದು ಸರಳ ಲೆಕ್ಕ ನೋಡಬಹುದು. 15 ಲೀಟರ್ ಹಿಡಿಯುವ ಕೊಡ ತುಂಬಿದರೆ ನೀರೇ 15 ಕಿಲೋಗ್ರಾಂ ತೂಗುತ್ತದೆ. ದಿನಕ್ಕೆ ಆರು ಕೊಡ ಹೊತ್ತರೆ 90 ಕಿಲೋಗ್ರಾಂ. ಇದನ್ನು ವ್ಯಾಯಾಮ ಎಂದು ಕರೆದು ಸಮಾಧಾನ ಪಡುವುದು ನ್ಯಾಯವಲ್ಲ. ಹೊಲದಲ್ಲಿ ದುಡಿಯುವ ಗರ್ಭಿಣಿಗೆ ಬೇಕಾದುದು ನಡುನಡುವೆ ವಿಶ್ರಾಂತಿ, ಭಾರ ಎತ್ತುವುದರಿಂದ ಬಿಡುಗಡೆ, ಹೆಚ್ಚು ಆಹಾರ. ಜೊತೆಗೆ ಬಾಗಿ ಬಾಗಿ ಬಿಗಿದುಕೊಂಡ ಬೆನ್ನು ಸೊಂಟಗಳನ್ನು ಸಡಿಲಿಸುವ ಕೆಲವು ಚಲನೆಗಳು. ದಿನವಿಡೀ ಕುಳಿತಿರುವ ಗರ್ಭಿಣಿಗೆ ಬೇಕಾದುದು ಪ್ರತಿದಿನದ ನಡಿಗೆ. "ಎಲ್ಲರೂ ನಡೆಯಿರಿ" ಎಂದಾಗಲಿ, "ಎಲ್ಲರೂ ಮಲಗಿರಿ" ಎಂದಾಗಲಿ ಸಾರುವುದು ಅರ್ಧ ಸತ್ಯವನ್ನು ಸಾರಿದಂತೆ.

3. ವೈದ್ಯಶಾಸ್ತ್ರದ ನಿಲುವು ಹೇಗೆ ಬದಲಾಯಿತು

ವ್ಯಾಯಾಮದ ಬಗೆಗಿನ ಅಂಜಿಕೆ ಹಳ್ಳಿಯ ಅಜ್ಜಿಯರಲ್ಲಿ ಮಾತ್ರ ಇದ್ದುದಲ್ಲ. 1985ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘವು ಗರ್ಭಿಣಿಯ ಹೃದಯ ಬಡಿತ ನಿಮಿಷಕ್ಕೆ 140ನ್ನು ಮೀರಬಾರದು, ಶ್ರಮದ ವ್ಯಾಯಾಮ 15 ನಿಮಿಷಕ್ಕಿಂತ ಹೆಚ್ಚಾಗಬಾರದು ಎಂದು ಸೂಚಿಸಿತ್ತು. 1994ರಲ್ಲಿ ಅದೇ ಸಂಘ ಈ ಮಿತಿಗಳನ್ನು ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ವೈದ್ಯಕೀಯ ಅಡ್ಡಿಯಿಲ್ಲದ ಗರ್ಭಿಣಿಯರು ಮತ್ತು ಬಾಣಂತಿಯರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕೆಂದು ಹೇಳಲಾಗಿದೆ. ತಜ್ಞರೇ ಹೊಸ ಆಧಾರಗಳನ್ನು ಕಂಡು ಅಭಿಪ್ರಾಯ ಬದಲಿಸಿಕೊಂಡಿರುವಾಗ, ಹಿರಿಯರ ಅಂಜಿಕೆಯನ್ನು ಮೌಢ್ಯವೆಂದು ಹೀಯಾಳಿಸುವುದು ತರವಲ್ಲ. ಹೊಸ ತಿಳಿವಳಿಕೆಯನ್ನು ಗೌರವದಿಂದ ಅವರ ಮುಂದಿಡಬೇಕು.

ವ್ಯಾಯಾಮದಿಂದ ಆಗುವ ಪ್ರಯೋಜನಗಳೇನು? ಗರ್ಭಾವಸ್ಥೆಯಲ್ಲಿ ಮಾಸಿನಿಂದ ಹೊರಡುವ ಹಾರ್ಮೋನುಗಳ ಪ್ರಭಾವದಿಂದ ಇನ್ಸುಲಿನ್ನಿನ ಪರಿಣಾಮ ಕುಗ್ಗುತ್ತದೆ. ರಕ್ತದಲ್ಲಿ ಸಕ್ಕರೆ ಏರುವ ಸಂಭವ ಹೆಚ್ಚುತ್ತದೆ. ನಡೆಯುವಾಗ ಕಾಲಿನ ದೊಡ್ಡ ಸ್ನಾಯುಗಳು ಆ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ಕೆನಡಾದ ತಜ್ಞರು ಪ್ರಕಟಿಸಿದ 2019ರ ಮಾರ್ಗಸೂಚಿಯ ಪ್ರಕಾರ, ನಿಯಮಿತ ವ್ಯಾಯಾಮದಿಂದ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಮತ್ತು ಗರ್ಭನಂಜಿನ ಸಂಭವ ಸುಮಾರು ಶೇ. 40ರಷ್ಟು ಇಳಿಯುತ್ತದೆ. ಆರೋಗ್ಯವಂತ ಗರ್ಭಿಣಿಯಲ್ಲಿ ಗರ್ಭಪಾತವಾಗಲಿ, ಅವಧಿಪೂರ್ವ ಹೆರಿಗೆಯಾಗಲಿ ಇದರಿಂದ ಹೆಚ್ಚುವುದಿಲ್ಲ ಎಂದೂ ಅದು ಸ್ಪಷ್ಟಪಡಿಸಿದೆ. ಬೆನ್ನುನೋವು, ಮನಸ್ಸಿನ ಕುಗ್ಗುವಿಕೆ ಇವೂ ಕಡಿಮೆಯಾಗುತ್ತವೆ.

ಸಕ್ಕರೆ ಕಾಯಿಲೆ ಶ್ರೀಮಂತರ ಕಾಯಿಲೆ ಎಂಬ ಭಾವನೆಯನ್ನು ಬಿಡಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿಯೇ ಪರೀಕ್ಷಿಸಲಾದ ಗರ್ಭಿಣಿಯರಲ್ಲಿ ಶೇ. 6.2ರಷ್ಟು ಮಂದಿಗೆ ಈ ತೊಂದರೆ ಕಂಡುಬಂದಿತ್ತು. ಅಂತಹ ತಾಯಿಗೂ ಮಗುವಿಗೂ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ಆದುದರಿಂದ ಒಬ್ಬ ಗರ್ಭಿಣಿಯ ನಡಿಗೆ ಎರಡು ತಲೆಮಾರಿನ ಆರೋಗ್ಯಕ್ಕೆ ಸಂಬಂಧಿಸಿದ್ದು.

ಕರ್ನಾಟಕದಲ್ಲಿಯೇ ನಡೆದ ಇನ್ನೊಂದು ಅಧ್ಯಯನ ಇಲ್ಲಿ ಉಲ್ಲೇಖಾರ್ಹ. ಬೆಂಗಳೂರಿನ ಗುಣಶೀಲ ಆಸ್ಪತ್ರೆಗೆ ಬರುತ್ತಿದ್ದ 335 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, 169 ಮಂದಿಗೆ ದಿನಕ್ಕೆ ಒಂದು ಗಂಟೆ ಯೋಗಾಭ್ಯಾಸ, 166 ಮಂದಿಗೆ ದಿನಕ್ಕೆ ಎರಡು ಬಾರಿ ಅರ್ಧ ಗಂಟೆಯ ನಡಿಗೆ ಹೇಳಲಾಗಿತ್ತು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಯೋಗದ ಗುಂಪಿನಲ್ಲಿ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಕದ ಶಿಶುಗಳು ಹೆಚ್ಚಾಗಿದ್ದವು, ಅವಧಿಪೂರ್ವ ಹೆರಿಗೆ ಕಡಿಮೆಯಾಗಿತ್ತು. ಚೀಟಿ ಎತ್ತಿದಂತೆ ಗುಂಪುಗಳನ್ನು ವಿಂಗಡಿಸದ ಕಾರಣ ಇದನ್ನು ಕೊನೆಯ ಮಾತೆಂದು ಹೇಳಲಾಗದು. ಆದರೂ ಉಸಿರಾಟ, ಸರಳ ಆಸನ ಮತ್ತು ಮನಸ್ಸಿನ ಶಾಂತಿ ಗರ್ಭಿಣಿಗೆ ಹಿತಕರವೆಂಬುದಕ್ಕೆ ಇದು ಈ ನೆಲದ್ದೇ ಆದ ಆಧಾರ. ನಡಿಗೆಯನ್ನು ಆ ಕಾಲಕ್ಕಾಗಲೇ ವಾಡಿಕೆಯ ವೈದ್ಯಕೀಯ ಸಲಹೆಯಾಗಿ ಪರಿಗಣಿಸಲಾಗಿತ್ತು ಎಂಬುದನ್ನೂ ಗಮನಿಸಬೇಕು.

4. ಏನು ಮಾಡಬೇಕು, ಎಷ್ಟು ಮಾಡಬೇಕು

ವಾರದಲ್ಲಿ 168 ಗಂಟೆಗಳಿವೆ. ಅದರಲ್ಲಿ ಎರಡೂವರೆ ಗಂಟೆ, ಅಂದರೆ ವಾರಕ್ಕೆ ಐದು ದಿನ ದಿನಕ್ಕೆ ಅರ್ಧ ಗಂಟೆ, ಗರ್ಭಿಣಿಯ ದೇಹಕ್ಕೆ ಮೀಸಲಾಗಬೇಕು. ಮೊದಲು ಅಭ್ಯಾಸವಿಲ್ಲದವರು 10 ನಿಮಿಷದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬೇಕು. ಒಮ್ಮೆಲೇ ಅರ್ಧ ಗಂಟೆ ಆಗದಿದ್ದರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹತ್ತು ಹತ್ತು ನಿಮಿಷ ಸಾಕು.

ಪ್ರಮಾಣ ತಿಳಿಯಲು ಯಂತ್ರ ಬೇಕಿಲ್ಲ. ನಡೆಯುತ್ತಾ ಜೊತೆಗಾತಿಯೊಡನೆ ಮಾತಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಅದು ತಕ್ಕ ವೇಗ. ಮಾತಾಡಲೂ ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತು ಎಂದರ್ಥ.

ನಡಿಗೆಯ ಜೊತೆಗೆ ಮೂರು ಸರಳ ಅಭ್ಯಾಸಗಳನ್ನು ಆಶಾ ಕಾರ್ಯಕರ್ತೆಯರು ಮನೆಯಲ್ಲಿಯೇ ಕಲಿಸಬಹುದು. ಒಂದು, ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಐದರಿಂದ ಹತ್ತು ಸೆಕೆಂಡು ಬಿಗಿದು ಸಡಿಲಿಸುವುದು. ಹತ್ತು ಸಲದಂತೆ ದಿನಕ್ಕೆ ಮೂರು ಬಾರಿ ಮಾಡಿದರೆ ಹೆರಿಗೆಯ ನಂತರ ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವ ತೊಂದರೆ ಕಡಿಮೆಯಾಗುತ್ತದೆ. ಈ ತೊಂದರೆಯನ್ನು ಎಷ್ಟೋ ತಾಯಂದಿರು ಜೀವನವಿಡೀ ಹೇಳಿಕೊಳ್ಳದೆ ಅನುಭವಿಸುತ್ತಾರೆ. ಎರಡು, ಕೈ ಮತ್ತು ಮೊಣಕಾಲುಗಳ ಮೇಲೆ ನಿಂತು ಬೆನ್ನನ್ನು ಮೆಲ್ಲಗೆ ಮೇಲೆತ್ತಿ ಇಳಿಸುವುದು. ಇದು ಸೊಂಟದ ಬಿಗಿತವನ್ನು ಬಿಡಿಸುತ್ತದೆ. ಮೂರು, ಕುಳಿತಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು. ಇದು ಕಾಲಿನ ರಕ್ತಸಂಚಾರಕ್ಕೆ ಸಹಕಾರಿ.

ತಪ್ಪಿಸಬೇಕಾದುವುಗಳೂ ಇವೆ. ಮೊದಲ ಮೂರು ತಿಂಗಳ ನಂತರ ಅಂಗಾತ ಮಲಗಿ ವ್ಯಾಯಾಮ ಮಾಡಬಾರದು. ಬೆಳೆದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತುವುದರಿಂದ ತಲೆ ಸುತ್ತಬಹುದು. ಉಸಿರು ಬಿಗಿಹಿಡಿಯುವ ಪ್ರಾಣಾಯಾಮ, ಕಪಾಲಭಾತಿ, ತಲೆಕೆಳಗಾಗುವ ಆಸನ, ಹೊಟ್ಟೆಯನ್ನು ತಿರುಚುವ ಆಸನಗಳು ಸಲ್ಲವು. ಗರ್ಭಾವಸ್ಥೆಯಲ್ಲಿ ಕೀಲುಗಳು ಸಡಿಲವಾಗಿ, ದೇಹದ ತೂಕ ಮುಂದಕ್ಕೆ ವಾಲುವುದರಿಂದ ಬೀಳುವ ಸಂಭವ ಹೆಚ್ಚು. ಮಳೆಗಾಲದ ಎರೆ ಮಣ್ಣಿನ ರಾಡಿಯಲ್ಲಿ ನಡೆಯುವುದಕ್ಕಿಂತ ಮನೆಯ ಪಡಸಾಲೆಯಲ್ಲಿ ನಡೆಯುವುದು ಲೇಸು. ಬೇಸಿಗೆಯ ತಿಂಗಳುಗಳಲ್ಲಿ ಬಿಸಿಲೇರುವ ಮುನ್ನ ಅಥವಾ ಬಿಸಿಲಿಳಿದ ಮೇಲೆ ಮಾತ್ರ ನಡೆಯಬೇಕು. ಮೊದಲೂ ಆಮೇಲೂ ನೀರು ಕುಡಿಯಬೇಕು.

ಹೆರಿಗೆಯ ನಂತರವೂ ಚಲನೆ ಅಗತ್ಯ. ಬಾಣಂತಿಯನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡದಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಸಹಜ ಹೆರಿಗೆಯಾದವರು ಬೇಗನೆ ಎದ್ದು ಓಡಾಡುವುದು ಒಳ್ಳೆಯದು. ಶಸ್ತ್ರಚಿಕಿತ್ಸೆಯಾದವರು ವೈದ್ಯರ ಸೂಚನೆಯಂತೆ ನಡೆಯಬೇಕು, ಭಾರ ಎತ್ತಬಾರದು.

5. ಯಾರಿಗೆ ವ್ಯಾಯಾಮ ಸಲ್ಲದು

ವ್ಯಾಯಾಮದ ಪ್ರಚಾರ ಮಾಡುವಾಗ ಈ ಭಾಗವನ್ನು ಬಿಟ್ಟರೆ ಅನಾಹುತವಾಗುತ್ತದೆ. ಯೋನಿಯಿಂದ ರಕ್ತಸ್ರಾವ ಇರುವವರು, ನೀರು ಒಡೆದವರು, ಅವಧಿಗೆ ಮುನ್ನ ನೋವು ಕಾಣಿಸಿಕೊಂಡವರು, ಮಾಸು ಗರ್ಭದ್ವಾರಕ್ಕೆ ಅಡ್ಡ ಇರುವವರು, ಗರ್ಭದ್ವಾರ ಸಡಿಲವೆಂದು ಹೊಲಿಗೆ ಹಾಕಿಸಿಕೊಂಡವರು, ರಕ್ತದ ಒತ್ತಡ ಹತೋಟಿಯಲ್ಲಿ ಇಲ್ಲದವರು, ಗರ್ಭನಂಜು ಇರುವವರು, ಹೃದಯ ಅಥವಾ ಶ್ವಾಸಕೋಶದ ಗಂಭೀರ ಕಾಯಿಲೆ ಇರುವವರು, ತೀವ್ರ ರಕ್ತಹೀನತೆ ಇರುವವರು, ಶಿಶುವಿನ ಬೆಳವಣಿಗೆ ಕುಂಠಿತವಾಗಿದೆ ಎಂದು ವೈದ್ಯರು ಹೇಳಿರುವವರು ವೈದ್ಯರ ಅನುಮತಿಯಿಲ್ಲದೆ ವ್ಯಾಯಾಮಕ್ಕೆ ತೊಡಗಬಾರದು.

ಉಳಿದವರೂ ನಡೆಯುವಾಗ ರಕ್ತಸ್ರಾವ, ನೀರು ಸೋರುವಿಕೆ, ಹೊಟ್ಟೆನೋವು, ಎದೆನೋವು, ತಲೆಸುತ್ತು, ತೀವ್ರ ತಲೆನೋವು, ವಿಶ್ರಾಂತಿಯಲ್ಲೂ ಏದುಸಿರು, ಒಂದೇ ಮೀನಖಂಡದಲ್ಲಿ ನೋವು ಅಥವಾ ಬಾವು ಕಂಡರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಲು ಹಿಂಜರಿಯಬಾರದು. ಮಗುವಿನ ಚಲನೆ ಕಡಿಮೆಯಾಗಿದೆ ಎನಿಸಿದಾಗಲೂ ಕಾಯುತ್ತ ಕೂಡಬಾರದು.

6. ರಕ್ತ ಮತ್ತು ಆಹಾರ ಮೊದಲು

2019–20ರಲ್ಲಿ ಕರ್ನಾಟಕದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಹೆರಿಗೆಗಳಲ್ಲಿ ಶೇ. 97ರಷ್ಟು ಆಸ್ಪತ್ರೆಗಳಲ್ಲಿಯೇ ಆಗಿವೆ. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ ಗರ್ಭಿಣಿಯರಲ್ಲಿ ಶೇ. 45.7ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ನೂರು ಗರ್ಭಿಣಿಯರಲ್ಲಿ ಸುಮಾರು ನಲವತ್ತಾರು ಮಂದಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ. 7 ಗ್ರಾಂಗಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ; ಅಂತಹವಳನ್ನು ನಡೆಯಲು ಹಚ್ಚುವುದಲ್ಲ, ಆಸ್ಪತ್ರೆಗೆ ಕರೆದೊಯ್ಯುವುದು ಮೊದಲ ಕೆಲಸ. ಆದುದರಿಂದ ವ್ಯಾಯಾಮದ ಸಲಹೆಗೆ ಮುನ್ನ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಪ್ರಮಾಣವನ್ನೂ ರಕ್ತದ ಒತ್ತಡವನ್ನೂ ನೋಡಬೇಕು. ನಾಲ್ಕನೆಯ ತಿಂಗಳಿನಿಂದ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಿದ್ದಾಳೆಯೇ ಎಂದು ವಿಚಾರಿಸಬೇಕು. ಮಾತ್ರೆ ಕೊಟ್ಟ ಲೆಕ್ಕ ಬೇರೆ, ನುಂಗಿದ ಲೆಕ್ಕ ಬೇರೆ.

ಆಹಾರದ ವಿಷಯದಲ್ಲಿಯೂ ಒಂದು ಹಳೆಯ ಮನೋಭಾವ ಎದುರಾಗುತ್ತದೆ. ದಕ್ಷಿಣ ಕನ್ನಡದಲ್ಲಿ ಅಧ್ಯಯನ ನಡೆಸಿದ ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು 1983ರಲ್ಲಿ ಬರೆದ ಲೇಖನದಲ್ಲಿ, ಅನ್ನವೂ ಮಗುವೂ ಹೊಟ್ಟೆಯ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ ಎಂಬ ಭಾವನೆಯನ್ನು ವಿವರಿಸಿದ್ದಾರೆ. ಹೆಚ್ಚು ಉಂಡರೆ ಮಗುವಿಗೆ ಜಾಗ ಸಾಲದು, ಮಗು ದಪ್ಪವಾದರೆ ಹೆರಿಗೆ ಕಷ್ಟ ಎಂಬ ಇಂತಹ ಅಂಜಿಕೆಯಿಂದ ಊಟ ಕಡಿಮೆ ಮಾಡುವವರು ಇಂದಿಗೂ ಸಿಗುತ್ತಾರೆ. ಇಂತಹ ಮನೆಯಲ್ಲಿ "ವ್ಯಾಯಾಮ ಮಾಡು" ಎಂದಷ್ಟೇ ಹೇಳಿದರೆ ಕಡಿಮೆ ಉಂಡವಳು ಹೆಚ್ಚು ದಣಿಯುತ್ತಾಳೆ. ಊಟ, ಮಾತ್ರೆ, ವಿಶ್ರಾಂತಿ, ನಡಿಗೆ ನಾಲ್ಕನ್ನೂ ಒಟ್ಟಾಗಿ ಹೇಳಬೇಕು.

7. ತೀರ್ಮಾನ ಯಾರ ಕೈಯಲ್ಲಿದೆ

ಗರ್ಭಿಣಿಗೆ ಎಲ್ಲವೂ ತಿಳಿದಿದ್ದರೂ ಸಂಜೆ ಅರ್ಧ ಗಂಟೆ ಹೊರಗೆ ಹೋಗುವ ತೀರ್ಮಾನ ಅನೇಕ ಮನೆಗಳಲ್ಲಿ ಆಕೆಯ ಕೈಯಲ್ಲಿಲ್ಲ. ಅತ್ತೆ ಒಪ್ಪಬೇಕು, ಗಂಡ ಜೊತೆಗೆ ಬರಬೇಕು, ಸಂಜೆಯ ರೊಟ್ಟಿ ಬಡಿಯುವ ಕೆಲಸವನ್ನು ಬೇರೊಬ್ಬರು ವಹಿಸಿಕೊಳ್ಳಬೇಕು. ಆದುದರಿಂದ ತಿಳಿವಳಿಕೆಯ ಸಭೆಗೆ ಗರ್ಭಿಣಿಯರನ್ನು ಮಾತ್ರ ಕರೆಯುವುದರಿಂದ ಫಲವಿಲ್ಲ. ಅತ್ತೆಯರನ್ನೂ ಗಂಡಂದಿರನ್ನೂ ಕರೆಯಬೇಕು. ಏಳನೆಯ ತಿಂಗಳ ಕುಬಸದ ಕಾರ್ಯಕ್ಕೆ ಎರಡೂ ಮನೆಯ ಹಿರಿಯ ಹೆಂಗಸರು ಸೇರುತ್ತಾರೆ. ಅಂಗನವಾಡಿಗಳಲ್ಲಿ ನಡೆಯುವ ಸೀಮಂತ ಕಾರ್ಯಕ್ರಮಕ್ಕೂ ಬರುತ್ತಾರೆ. ಉಡಿ ತುಂಬಿದ ಬಳಿಕ ಆಶಾ ಕಾರ್ಯಕರ್ತೆಯು ಹತ್ತು ನಿಮಿಷ ಮಾತಾಡಿ, ಅಭ್ಯಾಸಗಳನ್ನು ಮಾಡಿ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ.

ಹಿರಿಯರ ಅನುಭವವನ್ನು ಬದಿಗೊತ್ತುವುದೂ ಬೇಡ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಇಂತಹ ಹಿರಿಯ ಹೆಂಗಸರ ಮಾತಿಗೆ ಹಳ್ಳಿಗಳಲ್ಲಿ ಇಂದಿಗೂ ತೂಕವಿದೆ. ಅವರನ್ನು ಜೊತೆಗೆ ಕರೆದುಕೊಂಡರೆ ಹೊಸ ಮಾತು ಬೇಗ ಮನೆಯೊಳಗೆ ಹೋಗುತ್ತದೆ.

8. ಗ್ರಾಮ ಪಂಚಾಯತಿ ಮಾಡಬಹುದಾದ ಕೆಲಸಗಳು

ಈ ಕೆಳಗಿನವು ದೊಡ್ಡ ಅನುದಾನ ಬೇಡದ, ಸದಸ್ಯರ ಮನಸ್ಸು ಬೇಡುವ ಕೆಲಸಗಳು.

(ಅ) ಅಂಗನವಾಡಿಯ ದಾರಿ. ಮಾತೃಪೂರ್ಣ ಯೋಜನೆಯು 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾಯಿತು. ಗರ್ಭಿಣಿಯರು ಮತ್ತು ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕೆಂಬುದು ಅದರ ಆಶಯ. ದೂರ, ಕೆಟ್ಟ ದಾರಿ, ಸಂಕೋಚ ಇವುಗಳಿಂದ ಅನೇಕರು ಬರಲಾಗದೆ ಉಳಿದರು. ದಾರಿ ಚೆನ್ನಾಗಿದ್ದರೆ ಊಟಕ್ಕೆ ಹೋಗಿ ಬರುವುದೇ ಅರ್ಧ ದಿನದ ನಡಿಗೆಯಾಗುತ್ತದೆ. ದಾರಿ ಕೆಟ್ಟಿದ್ದರೆ ಊಟವೂ ಇಲ್ಲ, ನಡಿಗೆಯೂ ಇಲ್ಲ. ಪ್ರತಿ ಸದಸ್ಯರು ತಮ್ಮ ವಾರ್ಡಿನ ಅಂಗನವಾಡಿಯ ದಾರಿಯನ್ನು ಒಮ್ಮೆ ಮಳೆಯಲ್ಲಿ ನಡೆದು ನೋಡಬೇಕು.

(ಆ) ನಡೆಯುವ ಜಾಗ. ಶಾಲೆಯ ಮೈದಾನ, ಗುಡಿಯ ಅಂಗಳ, ಕೆರೆಯ ದಂಡೆ ಇವುಗಳಲ್ಲಿ ಒಂದನ್ನು ಗುರುತಿಸಿ, ಸಂಜೆ ದೀಪ, ಕುಳಿತುಕೊಳ್ಳಲು ಎರಡು ಕಟ್ಟೆ, ಸಮೀಪದಲ್ಲಿ ಬಳಸಲು ಯೋಗ್ಯವಾದ ಶೌಚಾಲಯ ಇರುವಂತೆ ನೋಡಿಕೊಳ್ಳಬೇಕು. ಗರ್ಭಿಣಿಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಶೌಚಾಲಯವಿಲ್ಲದಿದ್ದರೆ ಆಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ, ಆಮೇಲೆ ಹೊರಗೆ ಬರುವುದನ್ನೂ ನಿಲ್ಲಿಸುತ್ತಾಳೆ.

(ಇ) ಜೊತೆಗಾತಿಯರು. ಒಬ್ಬಳೇ ನಡೆದರೆ ನಾಚಿಕೆ, ಐವರು ನಡೆದರೆ ವಾಡಿಕೆ. ಸ್ವಸಹಾಯ ಸಂಘಗಳ ಮಹಿಳೆಯರು ಗರ್ಭಿಣಿಯರ ಜೊತೆ ನಡೆಯುವಂತೆ ಸಂಜೀವಿನಿ ಒಕ್ಕೂಟದ ಮೂಲಕ ಏರ್ಪಾಡು ಮಾಡಬಹುದು. ಪಂಚಾಯತಿಯ ಮಹಿಳಾ ಸದಸ್ಯರು ಮೊದಲ ವಾರ ತಾವೇ ಜೊತೆಗೆ ನಡೆದರೆ ಊರಿನ ಮಾತು ತಾನಾಗಿಯೇ ನಿಲ್ಲುತ್ತದೆ.

(ಈ) ದುಡಿಯುವ ಗರ್ಭಿಣಿಯರು. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಗರ್ಭಿಣಿಯರಿಗೆ ಕೆಲಸದ ಪ್ರಮಾಣದಲ್ಲಿ ಶೇ. 50ರಷ್ಟು ರಿಯಾಯಿತಿ ನೀಡುವ ವ್ಯವಸ್ಥೆಯನ್ನು ರಾಜ್ಯದಲ್ಲಿ ಮಾಡಲಾಗಿದೆ. ಇದು ಕಾಗದದಲ್ಲಿ ಉಳಿಯದಂತೆ ಸದಸ್ಯರು ಕೆಲಸದ ಸ್ಥಳದಲ್ಲಿಯೇ ವಿಚಾರಿಸಬೇಕು. ನೆರಳು ಮತ್ತು ಕುಡಿಯುವ ನೀರು ಇವೆಯೇ, ಮಣ್ಣಿನ ಬುಟ್ಟಿ ಹೊರುವ ಕೆಲಸದ ಬದಲು ಹಗುರ ಕೆಲಸ ಕೊಡಲಾಗಿದೆಯೇ ಎಂದು ನೋಡಬೇಕು. ಖಾಸಗಿ ಹೊಲಗಳಲ್ಲಿಯೂ ಇದೇ ಪದ್ಧತಿ ಬರುವಂತೆ ರೈತ ಕುಟುಂಬಗಳ ಮನವೊಲಿಸಬಹುದು.

(ಉ) ನೀರು. ನಳದ ನೀರು ಮನೆ ಬಾಗಿಲಿಗೆ ಬಾರದ ಓಣಿಗಳಲ್ಲಿ ಗರ್ಭಿಣಿಯರಿರುವ ಮನೆಗಳನ್ನು ಮೊದಲು ಗುರುತಿಸಬೇಕು. ಆಕೆಯ ತಲೆಯ ಮೇಲಿನ ಕೊಡವನ್ನು ಇಳಿಸುವುದಕ್ಕಿಂತ ದೊಡ್ಡ ಆರೋಗ್ಯ ಸೇವೆ ಆ ಓಣಿಗೆ ಬೇರೆ ಇರಲಾರದು.

(ಊ) ತಪಾಸಣೆ. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಅಂದು "ಈಕೆ ವ್ಯಾಯಾಮ ಮಾಡಬಹುದೇ?" ಎಂದು ವೈದ್ಯರನ್ನು ಕೇಳಿ, ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಳ್ಳಲು ಆಶಾ ಕಾರ್ಯಕರ್ತೆಯರಿಗೆ ತಿಳಿಸಬೇಕು. ಬರೆದ ಒಂದು ಸಾಲು ಮನೆಯಲ್ಲಿ ನಡೆಯುವ ಹತ್ತು ವಾದಗಳನ್ನು ಮುಗಿಸುತ್ತದೆ.

(ಋ) ಸಮಿತಿ ಮತ್ತು ಸಭೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ, ಮಹಿಳಾ ಗ್ರಾಮಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ತರಬೇಕು. ಮೇಲಿನ ಬೇಡಿಕೆಗಳಲ್ಲಿ ಹಣ ಬೇಕಾದುವನ್ನು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಬೇಕು.

9. ಮುಕ್ತಾಯ

ಸಾರಾಂಶವನ್ನು ಕೆಲವು ಮಾತುಗಳಲ್ಲಿ ಹೀಗೆ ಹೇಳಬಹುದು. ಆರೋಗ್ಯವಂತ ಗರ್ಭಿಣಿಗೆ ಮಿತವಾದ ವ್ಯಾಯಾಮದಿಂದ ಅಪಾಯವಿಲ್ಲ, ಹಿತವಿದೆ. ಅತಿಯಾದ ದುಡಿಮೆ ವ್ಯಾಯಾಮವಲ್ಲ. ರಕ್ತಪರೀಕ್ಷೆ ಮತ್ತು ವೈದ್ಯರ ಅನುಮತಿ ಮೊದಲು, ನಡಿಗೆ ಆಮೇಲೆ. ಅಪಾಯದ ಸೂಚನೆ ಕಂಡರೆ ತಡಮಾಡದೆ ಆಸ್ಪತ್ರೆ. ಗರ್ಭಪಾತಕ್ಕೆ ತಾಯಿಯನ್ನು ದೂಷಿಸುವುದು ಸಲ್ಲದು.

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ಸದಸ್ಯರು ತಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಭೇಟಿ ಮಾಡಿ ಮೂರು ಸಂಗತಿಗಳನ್ನು ತಿಳಿದುಕೊಂಡರೆ ಈ ಉಪನ್ಯಾಸ ಸಾರ್ಥಕವಾದಂತೆ: ವಾರ್ಡಿನಲ್ಲಿ ಇಂದು ಎಷ್ಟು ಮಂದಿ ಗರ್ಭಿಣಿಯರಿದ್ದಾರೆ, ಅವರಲ್ಲಿ ಎಷ್ಟು ಮಂದಿ ದಿನವಿಡೀ ದುಡಿಯುತ್ತಾರೆ, ಎಷ್ಟು ಮಂದಿ ಮನೆಯಿಂದ ಹೊರಗೇ ಬರುವುದಿಲ್ಲ. ಮೊದಲ ಸಂಖ್ಯೆ ತಾಯಿ ಕಾರ್ಡಿನ ನೋಂದಣಿಯಲ್ಲಿ ಸಿಗುತ್ತದೆ. ಉಳಿದ ಎರಡು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಕೇಳಿದರೆ ಮಾತ್ರ ತಿಳಿಯುತ್ತವೆ. ಯಾರಿಗೆ ವಿಶ್ರಾಂತಿ ಬೇಕು, ಯಾರಿಗೆ ನಡಿಗೆ ಬೇಕು ಎಂಬುದು ಆ ಎರಡು ಸಂಖ್ಯೆಗಳಲ್ಲಿದೆ.